ಪೈಲಟ್ ಆಪ್ಟಿಟ್ಯೂಡ್ ಟೆಸ್ಟ್‌ಗೆ ಮನೇಲಿ ಪ್ರಾಕ್ಟೀಸ್: ಕೈ ಸರಿ ಹೋದ್ರೆ ಲೆಕ್ಕ ತಪ್ಪತ್ತೆ, ಏನ್ ಮಾಡ್ಲಿ?

ಪ್ರಶ್ನೆ: ನಮಸ್ತೆ ಮೇಡಂ. ಇನ್ನು ಆರು ವಾರಕ್ಕೆ ಕೆಡೆಟ್ ಪೈಲಟ್ ಸೆಲೆಕ್ಷನ್‌ದು ಕಂಪ್ಯೂಟರ್ ಟೆಸ್ಟ್ ಇದೆ. ಒಂದು ಪ್ರಾಕ್ಟೀಸ್ ಆ್ಯಪ್ ತಗೊಂಡು ದಿನಾ ಮೂರು ಗಂಟೆ ಕೂರ್ತಿದೀನಿ. ಜಾಯ್‌ಸ್ಟಿಕ್ಕಲ್ಲಿ ಚುಕ್ಕೆನ ಮಧ್ಯಕ್ಕೆ ಹಿಡಿಯೋದೊಂದನ್ನೇ ಮಾಡಿದ್ರೆ ಚೆನ್ನಾಗೇ ಬರತ್ತೆ, ಆದ್ರೆ ಅದರ ಜೊತೆಗೆ ಹೆಡ್‌ಫೋನಲ್ಲಿ ಲೆಕ್ಕ ಕೇಳೋಕೆ ಶುರು ಆದ್ರೆ ಎರಡೂ ಹಾಳು. ಪೆಡಲ್ ಕೂಡ ಕೊಂಡ್ಕೋಬೇಕಾ? ಫ್ಲೈಟ್ ಸಿಮ್ಯುಲೇಟರ್ ಆಡಿದ್ರೆ ಉಪಯೋಗ ಇದ್ಯಾ? ಸ್ಕೋರ್ ಹತ್ತು ದಿನದಿಂದ ಅಲ್ಲೇ ನಿಂತುಬಿಟ್ಟಿದೆ.

ಉತ್ತರ: ಮೊದಲು ಆ ಮೂರು ಗಂಟೆ ಬಿಡಿ. ಒಂದೇ ಸಲ ಕೂತು ಉಜ್ಜೋದಕ್ಕಿಂತ ಬೆಳಿಗ್ಗೆ ಅರ್ಧ ಗಂಟೆ ಸಂಜೆ ಅರ್ಧ ಗಂಟೆ ಮಾಡಿದ್ರೆ ಕೈಗೆ ಚೆನ್ನಾಗಿ ಹತ್ತತ್ತೆ, ರಾತ್ರಿ ನಿದ್ದೆನೂ ಆ ಪ್ರಾಕ್ಟೀಸಿನ ಭಾಗನೇ ಅಂತ ಇಟ್ಕೊಳಿ. ಸ್ಕೋರ್ ನಿಂತಿರೋದಕ್ಕೆ ಹೆದರ್ಬೇಡಿ, ಈ ಥರ ಟೆಸ್ಟ್‌ಗಳಲ್ಲಿ ಮೊದಲ ಕೆಲವು ಸಲಕ್ಕೆ ದೊಡ್ಡ ಏರಿಕೆ ಬರತ್ತೆ, ಆಮೇಲೆ ಸಮ ಆಗತ್ತೆ. ಆ ಮೊದಲ ಏರಿಕೆ ಮನೇಲೇ ಮುಗಿದಿರ್ಬೇಕು, ಟೆಸ್ಟ್ ದಿನ ಸ್ಕ್ರೀನ್ ನೋಡಿ ಗಾಬರಿ ಆಗ್ಬಾರದು, ಮನೆ ಪ್ರಾಕ್ಟೀಸಿನ ದೊಡ್ಡ ಲಾಭ ಅದೇ.

ಈಗ ನಿಮ್ಮ ಅಸಲಿ ಸಮಸ್ಯೆ. ನಾನು ಇನ್‌ಸ್ಟ್ರಕ್ಟರ್ ಆಗಿ ತುಂಬಾ ಜನರ ಕೈ ನೋಡಿದೀನಿ, ಲೆಕ್ಕ ಕಿವಿಗೆ ಬಿದ್ದ ಕ್ಷಣ ಮುಷ್ಟಿ ಬಿಗಿ ಆಗತ್ತೆ, ಬೆರಳ ಗೆಣ್ಣು ಬೆಳ್ಳಗಾಗತ್ತೆ, ಭುಜ ಮೇಲಕ್ಕೆ ಹೋಗತ್ತೆ, ಅಷ್ಟೊತ್ತಿಗೆ ಚುಕ್ಕೆ ಎಡಕ್ಕೆ ಜಾರಿರತ್ತೆ, ಅದು ಕಂಡ ತಕ್ಷಣ ಜೋರಾಗಿ ಬಲಕ್ಕೆ ತಳ್ತಾರೆ, ಅದು ಮಧ್ಯ ದಾಟಿ ಆ ಕಡೆ ಹೋಗತ್ತೆ, ಮತ್ತೆ ಎಳೀತಾರೆ, ಇದು ಮುಗಿಯೋದೇ ಇಲ್ಲ. ಸ್ಟಿಕ್ಕನ್ನ ಮುಷ್ಟೀಲಿ ಹಿಡೀಬೇಡಿ. ಹೆಬ್ಬೆರಳು, ಇನ್ನೆರಡು ಬೆರಳು ಸಾಕು, ಮೊಣಕೈಗೆ ಮೇಜಿನ ಆಸರೆ ಇರ್ಲಿ. ಸ್ವಲ್ಪ ಒತ್ತಿ, ಚುಕ್ಕೆ ಹೊರಡೋದನ್ನ ನೋಡಿ, ಅದು ಮಧ್ಯ ಮುಟ್ಟೋ ಮೊದಲೇ ಬಿಡಿ. ನಿಜವಾದ ವಿಮಾನದಲ್ಲೂ ಮೊದಲ ದಿನ ನಾವು ಹೇಳಿಕೊಡೋದು ಇದನ್ನೇ.

ಲೆಕ್ಕದ್ದು ಹೀಗೆ ಮಾಡಿ. ಫೋನಲ್ಲಿ ನಿಮ್ಮದೇ ದನೀಲಿ ಇಪ್ಪತ್ತು ಲೆಕ್ಕ ರೆಕಾರ್ಡ್ ಮಾಡಿ, ಪ್ರತಿ ಲೆಕ್ಕ ಆದ್ಮೇಲೆ ಎಂಟು ಸೆಕೆಂಡ್ ಸುಮ್ನಿರಿ, ಅದನ್ನ ಹಾಕ್ಕೊಂಡು ಟ್ರ್ಯಾಕಿಂಗ್, ಅಂದ್ರೆ ಚುಕ್ಕೆ ಹಿಡಿಯೋದು, ಮಾಡಿ. 47×6 ಬಂತು ಅಂದ್ರೆ 240 ಅಂದ್ಕೊಳಿ, ಒಂದ್ಸಲ ಚುಕ್ಕೆ ನೋಡಿ ಸರಿ ಮಾಡಿ, 42 ಸೇರ್ಸಿ, 282. ಲೆಕ್ಕನ ತುಂಡು ಮಾಡಿ ತುಂಡುಗಳ ಮಧ್ಯೆ ಕಣ್ಣು ಚುಕ್ಕೆಗೆ ಬರಬೇಕು, ಇಷ್ಟೇ ಕಲಿಯೋದು. ಎರಡು ಸಲ ಚುಕ್ಕೆ ನೋಡಿ ಬಂದ್ರೂ ಉತ್ತರ ಸಿಗ್ಲಿಲ್ವಾ, ಆ ಲೆಕ್ಕ ಬಿಟ್ಟುಬಿಡಿ, ಮುಂದಿನದಕ್ಕೆ ಕಿವಿ ಕೊಡಿ. ಹೋದ ಲೆಕ್ಕಕ್ಕೆ ಅಳ್ತಾ ಕೂತವ್ರು ಮುಂದಿನ ಮೂರನ್ನೂ ಕಳ್ಕೋತಾರೆ, ಇದನ್ನ ನಾನು ಕಣ್ಣಾರೆ ನೋಡಿದೀನಿ.

ಪೆಡಲ್ ವಿಷ್ಯ: ನಿಮ್ಮ ಟೆಸ್ಟಲ್ಲಿ ಕಾಲಿನ ಕೆಲಸ ಇದೆ ಅಂತ ಖಚಿತ ಇದ್ರೆ ಯಾರ ಹತ್ರನಾದ್ರೂ ಕೇಳಿ ತಂದು ನಾಲ್ಕು ದಿನ ತುಳೀರಿ, ಕೊಳ್ಳಲೇಬೇಕು ಅಂತಿಲ್ಲ. ಜಾಯ್‌ಸ್ಟಿಕ್ ಮಾತ್ರ ಬೇಕು, ಮೌಸಲ್ಲಿ ಮಾಡಿದ್ದು ಕೈಗೆ ಬರಲ್ಲ. ಸೆಟ್ಟಿಂಗ್ಸಲ್ಲಿ ಡೆಡ್ ಝೋನ್ ಸೊನ್ನೆಗೆ ಇಳ್ಸಿ, ಇಲ್ಲಾಂದ್ರೆ ಮಧ್ಯದ ಸಣ್ಣ ಚಲನೆ ಸಿಸ್ಟಮ್‌ಗೆ ತಿಳಿಯೋದೇ ಇಲ್ಲ. ಸಿಮ್ಯುಲೇಟರ್ ಆಡಿದ್ರೆ ಮೀಟರ್ ಓದೋದು ಅಭ್ಯಾಸ ಆಗತ್ತೆ, ಅದು ಒಳ್ಳೇದೇ, ಆದ್ರೆ ಟೆಸ್ಟಿನ ಟ್ರ್ಯಾಕಿಂಗ್ ಅದಲ್ಲ.

ಇನ್ನೊಂದು, ಕೆಲವು ಟೆಸ್ಟಲ್ಲಿ ಸ್ಟಿಕ್ ಮುಂದೆ ತಳ್ಳಿದ್ರೆ ಚುಕ್ಕೆ ಕೆಳಗೆ ಬರತ್ತೆ, ಕೆಲವದ್ರಲ್ಲಿ ಮೇಲೆ ಹೋಗತ್ತೆ. ಎರಡೂ ಥರ ಮಾಡಿ. ಆ ದಿನ ಸೂಚನೆ ಓದದೇ ಆ್ಯಪಿನ ನೆನಪಲ್ಲಿ ಕೈ ಓಡಿಸೋದು ತೀರಾ ದುಬಾರಿ ತಪ್ಪು.

ಪ್ರಶ್ನೆ (ಇನ್ನೊಬ್ಬರು): ಮೇಡಂ ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಮಗ್ಗಿ ಎಲ್ಲಾ ತಲೇಲಿ ಕನ್ನಡದಲ್ಲೇ ಓಡತ್ತೆ. ಟೆಸ್ಟ್ ಇಂಗ್ಲಿಷಲ್ಲಿ. ಎಲ್ಲಾ ಇಂಗ್ಲಿಷಿಗೆ ಬದಲಾಯಿಸ್ಕೋಬೇಕಾ? ನಾಚಿಕೆ ಬಿಟ್ಟು ಕೇಳ್ತಿದೀನಿ.

ಉತ್ತರ: ಇದರಲ್ಲಿ ನಾಚಿಕೆ ಎಂಥದು, ನಂಗೂ ಇವತ್ತಿಗೂ ಏಳೆಂಟ್ಲಿ ಐವತ್ತಾರು ಅಂತಾನೇ ಬರೋದು. ಮಗ್ಗಿ ಕಲಿತ ಭಾಷೇಲೇ ವೇಗ ಇರತ್ತೆ, ಅದನ್ನ ಮುಟ್ಟೋಕೆ ಹೋಗ್ಬೇಡಿ.

ಆದ್ರೆ ನೆನಪಿನ ಭಾಗ, ಅಂದ್ರೆ ಅಂಕಿಗಳ ಸಾಲು ಕೇಳಿಸಿ ವಾಪಸ್ ಟೈಪ್ ಮಾಡಿಸ್ತಾರಲ್ಲ, ಅಲ್ಲಿ ಇಂಗ್ಲಿಷಲ್ಲೇ ಹಿಡ್ಕೊಳಿ. ತಲೇಲಿ ಒಂದೇ ಸಮ ಗುನುಗ್ತಾ ಅಂಕಿ ಹಿಡಿದಿಡ್ತೀವಿ, ಪದ ಉದ್ದ ಆದಷ್ಟೂ ಕಮ್ಮಿ ಹಿಡಿಯತ್ತೆ, ಮನಶ್ಶಾಸ್ತ್ರಜ್ಞ ಬ್ಯಾಡ್ಲಿ ಮತ್ತವರ ಜೊತೆಗಾರರು 1975ರಲ್ಲೇ ಇದನ್ನ ತೋರ್ಸಿದಾರೆ. ನಮ್ಮ ಎರಡು, ಒಂಬತ್ತು ಬಾಯಲ್ಲಿ ಹೇಳಿ ನೋಡಿ, ಆಮೇಲೆ ಟೂ, ನೈನ್ ಹೇಳಿ ನೋಡಿ, ಗೊತ್ತಾಗತ್ತೆ. ಜೊತೆಗೆ ಕೇಳಿದ್ದನ್ನ ಅನುವಾದ ಮಾಡೋ ಕೆಲಸನೂ ತಪ್ಪತ್ತೆ. ಮೂರ್ಮೂರಾಗಿ ಗುಂಪು ಮಾಡಿ: ಫೋರ್ ಒನ್ ಸೆವೆನ್, ಟೂ ಟೂ ನೈನ್. ಹೆಡಿಂಗನ್ನೂ, ಅಂದ್ರೆ ವಿಮಾನದ ಮೂಗು ಯಾವ ದಿಕ್ಕಿಗಿದೆ ಅನ್ನೋ ಡಿಗ್ರೀನ, ವಿಮಾನದಲ್ಲಿ ಹೀಗೇ ಒಂದೊಂದೇ ಅಂಕಿ ಹೇಳೋದು, ಆ ಅಭ್ಯಾಸ ಮುಂದೂ ಬೇಕು.

ಪ್ರಶ್ನೆ (ಮೊದಲನೆಯವರು): ಥ್ಯಾಂಕ್ಸ್ ಮೇಡಂ, ಕೈ ಹಿಡಿಯೋದು ಬದಲಾಯಿಸ್ದೆ, ಈಗಲೇ ವ್ಯತ್ಯಾಸ ಇದೆ. ಇನ್ನೊಂದೇ ಒಂದು, ದಿಕ್ಕಿನ ಪ್ರಶ್ನೆ. ಎರಡು ಡಯಲ್ ತೋರ್ಸಿ ವಿಮಾನ ಎಲ್ಲಿದೆ ಅಂತ ಕೇಳ್ತಾರಲ್ಲ, ಅಲ್ಲಿ ಉಲ್ಟಾ ಆಗತ್ತೆ.

ಉತ್ತರ: ಎಲ್ಲರಿಗೂ ಅಲ್ಲೇ ಉಲ್ಟಾ ಆಗೋದು. ಒಂದು ಡಯಲ್ ಹೆಡಿಂಗ್ ತೋರ್ಸತ್ತೆ, ಇನ್ನೊಂದು ಆರ್‌ಎಂಐ, ಅಂದ್ರೆ ನೆಲದ ಮೇಲಿನ ರೇಡಿಯೋ ಸ್ಟೇಷನ್ ಯಾವ ದಿಕ್ಕಿಗಿದೆ ಅಂತ ತೋರ್ಸೋದು. ಆರ್‌ಎಂಐ ಮುಳ್ಳಿನ ತಲೆ ಯಾವಾಗಲೂ ಸ್ಟೇಷನ್ ಕಡೆ ನೋಡತ್ತೆ, ನೀವಿರೋದು ಬಾಲದ ಕಡೆ. ತಲೆ 300ರ ಮೇಲಿದ್ರೆ ಸ್ಟೇಷನ್ ನಿಮ್ಮ ವಾಯುವ್ಯಕ್ಕಿದೆ, ಅಂದ್ರೆ ನೀವು ಸ್ಟೇಷನ್ನಿನ ಆಗ್ನೇಯದಲ್ಲಿ, ಬಾಲ 120 ತೋರಿಸ್ತಿರತ್ತೆ. ಹೆಡಿಂಗ್ 090 ಆಗಿದ್ರೆ ಮೂಗು ಪೂರ್ವಕ್ಕೆ, ಸ್ಟೇಷನ್ನಿಂದ ದೂರ ಹೋಗ್ತಿದೀರಿ. ಮೊದಲು ಬಾಲ ನೋಡಿ ಜಾಗ, ಆಮೇಲೆ ಹೆಡಿಂಗ್ ನೋಡಿ ಮೂಗು, ಈ ಕ್ರಮ ಬದಲಾಯಿಸ್ಲೇಬೇಡಿ. ಬಾಲ ಕಾಣದಿದ್ರೆ ತಲೆ ತೋರ್ಸೋ ಅಂಕಿ ತಗೊಳಿ, ಅದು 180ಕ್ಕಿಂತ ಕಮ್ಮಿ ಇದ್ರೆ 200 ಕೂಡಿ 20 ಕಳೀರಿ, ಜಾಸ್ತಿ ಇದ್ರೆ 200 ಕಳೆದು 20 ಕೂಡಿ. ಶುರುವಲ್ಲಿ ಕಾಗದದ ಮೇಲೆ ಮಧ್ಯೆ ಸ್ಟೇಷನ್ ಚುಕ್ಕೆ ಇಟ್ಟು ಸಣ್ಣ ಬಾಣ ಬರೀರಿ. ದಿನಕ್ಕೆ ಹತ್ತು ಸಾಕು, ವಾರ ಹತ್ತು ದಿನ ಆದ್ಮೇಲೆ ಕಾಗದ ತೆಗೆದಿಡಿ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಆ ಪ್ರಶ್ನೆದು ಚಿತ್ರ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.