ಎರಡಿಂಚಿನ ರಿವಾಲ್ವರ್‌ಗೆ ಬರೀ ಸೀಸದ ಹಾಲೋ ಪಾಯಿಂಟ್ ಸಾಕಾ?

ತುಂಗಾತೀರ_ಟೆಕ್ಸಾಸ್:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಈಗ ಸ್ಯಾನ್ ಆಂಟೋನಿಯೋದಿಂದ ಮುಕ್ಕಾಲು ಗಂಟೆ ದೂರದಲ್ಲಿ ಮನೆ. ಸುತ್ತ ಓಕ್ ಮರ, ಜಿಂಕೆ, ಮತ್ತೇನೂ ಇಲ್ಲ. ಪೊಲೀಸರನ್ನು ಕರೆದರೆ ಬರೋದಕ್ಕೆ ಅರ್ಧ ಗಂಟೆ ಬೇಕು. ಚಿಕ್ಕಂದಿನಲ್ಲಿ ಅಜ್ಜನ ಕೇಪಿನ ಕೋವಿ ನೋಡಿದ್ದೇನೆ. ಮಂಗ ಓಡಿಸೋಕೆ ಬರೀ ಮದ್ದು ಜಡಿದು ಈಡು ಹಾರಿಸುತ್ತಿದ್ದರು. ನನ್ನ ಅನುಭವ ಅಷ್ಟೇ.

ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಈ ಮಾರ್ಚ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸ್ಮಿತ್ ಅಂಡ್ ವೆಸನ್ 642 ತಗೊಂಡೆ. .38 ಸ್ಪೆಷಲ್, ಐದು ಗುಂಡು, ನಳಿಗೆ ಎರಡು ಇಂಚೂ ಇಲ್ಲ, ತೂಕ ಅರ್ಧ ಕೇಜಿಗಿಂತ ಕಡಿಮೆ. ಮನೆಯಲ್ಲಿ ಬೀಗದ ಪೆಟ್ಟಿಗೆಯೊಳಗೆ ಇರುತ್ತೆ, ಮಗಳಿಗೆ ಆರು ವರ್ಷ.

ಈಗ ಗುಂಡಿನ ಪ್ರಶ್ನೆ. ತಾಮ್ರದ ಜಾಕೆಟ್ (ಹೊದಿಕೆ) ಇರೋ ಒಳ್ಳೆ ಹಾಲೋ ಪಾಯಿಂಟ್, ಅಂದರೆ ಮೂತಿಯಲ್ಲಿ ಗುಳಿ ಇದ್ದು ಬಡಿದಾಗ ಅರಳೋ ಗುಂಡು, ನಮ್ಮೂರ ಅಂಗಡಿಯಲ್ಲಿ 20ಕ್ಕೆ 34 ಡಾಲರ್. ಬರೀ ಸೀಸದ್ದು, 158 ಗ್ರೇನ್ (ಗುಂಡಿನ ತೂಕ) ಪ್ಲಸ್ ಪಿ (ಜಾಸ್ತಿ ಒತ್ತಡದ) ಹಾಲೋ ಪಾಯಿಂಟ್, 50ಕ್ಕೆ 48 ಡಾಲರ್. ಅಂಗಡಿಯವನು "ಎಫ್‌ಬಿಐನವರೇ ಇದನ್ನು ಹಾಕಿಕೊಳ್ಳುತ್ತಿದ್ದರು, ಕಣ್ಣು ಮುಚ್ಚಿ ತಗೋ" ಅಂದ. ಒಂದು ಡಬ್ಬಿ ತಂದೂ ಆಯಿತು. ಇದು ನಿಜವಾಗಿ ಸಾಕಾ? ಸುಮ್ನೆ ಅಗ್ಗ ಅಂತ ಬಿದ್ದೆನಾ?

ಓಹಾಯೋ_ಮಾವ:

ತಮ್ಮಾ, ಅವನು ಹೇಳಿದ್ದು ನಿಜವೇ. 1970ರ ದಶಕದಿಂದ ಎಫ್‌ಬಿಐ ಬಳಸಿದ ಗುಂಡು ಅದು. ಅದಕ್ಕೇ 'ಎಫ್‌ಬಿಐ ಲೋಡ್' ಅಂತ ಹೆಸರು. ಅದಕ್ಕೂ ಮುಂಚೆ ಪೊಲೀಸರ ಹತ್ತಿರ ಇದ್ದದ್ದು 158 ಗ್ರೇನಿನ ಉರುಟು ಮೂತಿಯ ಸೀಸ. ಸಣ್ಣ ತೂತು ಮಾಡಿ ಆ ಕಡೆ ಹೋಗಿಬಿಡೋದು. ಮೆತ್ತನೆ ಸೀಸಕ್ಕೆ ಚಪ್ಪಟೆ ಮೂತಿ ಕೊಟ್ಟು, ಮಧ್ಯೆ ಗುಳಿ ಮಾಡಿ, ಸ್ವಲ್ಪ ಜಾಸ್ತಿ ಮದ್ದು ಹಾಕಿದರು. ಅಷ್ಟೇ ಬದಲಾವಣೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯ ಬೀದಿಯಲ್ಲಿ ಇಬ್ಬರು ಎಫ್‌ಬಿಐ ಏಜೆಂಟರು ಸತ್ತ ಗುಂಡಿನ ಕಾಳಗ ಇದೆಯಲ್ಲ, ಅದನ್ನು ಕೊನೆಗೆ ಮುಗಿಸಿದ್ದೂ ಒಂದು ರಿವಾಲ್ವರ್‌ನಿಂದ ಹೊರಟ ಇದೇ ಗುಂಡು.

ಆದರೆ ಅವರ ರಿವಾಲ್ವರ್ ಎಂಥದ್ದು ಅಂತ ಅಂಗಡಿಯವನು ಹೇಳಿದನಾ? ಉಕ್ಕಿನದ್ದು, ಮೂರು ನಾಲ್ಕು ಇಂಚಿನ ನಳಿಗೆ. ನಾಲ್ಕಿಂಚಿನಲ್ಲಿ ಈ ಗುಂಡು ಸೆಕೆಂಡಿಗೆ ಸುಮಾರು 890 ಅಡಿ ಓಡುತ್ತೆ ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ನಿನ್ನ ಮೋಟು ನಳಿಗೆಯಲ್ಲಿ ಅಷ್ಟು ಬರಲ್ಲ. ವೇಗ ಇಳಿದರೆ ಗುಳಿ ಬಾಯಿ ಬಿಡೋದೂ ಅನುಮಾನ.

ನಾನೇ ಒಮ್ಮೆ ನೋಡಿದೆ. ಗೆಳೆಯನ ಹೊಲದಲ್ಲಿ ನೀರು ತುಂಬಿದ ಹಾಲಿನ ಕ್ಯಾನ್‌ಗಳನ್ನು ಸಾಲಾಗಿಟ್ಟು, ಮುಂದೆ ಹಳೇ ಜೀನ್ಸ್ ಪ್ಯಾಂಟಿನ ನಾಲ್ಕು ಪದರ ನೇತುಹಾಕಿದೆವು. ನನ್ನ ನಾಲ್ಕಿಂಚಿನ ಮಾಡೆಲ್ 10 ರಿವಾಲ್ವರ್‌ನಿಂದ ಮೂರು, ಅವನ ಎರಡಿಂಚಿನದರಿಂದ ಮೂರು. ನನ್ನವು ಎರಡು ಅಣಬೆ ಥರ ಅರಳಿದವು, ಒಂದು ಅರ್ಧ ಅರಳಿತು. ಅವನವು ಮೂರೂ ಡಬ್ಬಿಯಿಂದ ಈಗಷ್ಟೇ ತೆಗೆದ ಹಾಗಿದ್ದವು. ಒಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಗುಳಿಯೊಳಗೆ ನೀಲಿ ದಾರ ಗಿಡಿದು ಕೂತಿತ್ತು. ಸೂಜಿ ಹಾಕಿ ಎಳೆದರೂ ಬರಲಿಲ್ಲ. ಆರು ಗುಂಡಿನಲ್ಲಿ ಏನೂ ಸಾಬೀತಾಗಲ್ಲ, ಗೊತ್ತು. ಆದರೆ ಆ ದಾರ ನೋಡಿದ ಮೇಲೆ ಮೋಟು ರಿವಾಲ್ವರ್‌ನಲ್ಲಿ ಗುಳಿಯ ಮೇಲೆ ನಂಬಿಕೆ ಇಡೋದು ಬಿಟ್ಟೆ.

ಅರಳದಿದ್ದರೂ ಪ್ರಪಂಚ ಮುಳುಗಲ್ಲ ಬಿಡು. ಭಾರದ ಗುಂಡು, ಆಳಕ್ಕೆ ಹೋಗುತ್ತೆ. ನನಗೆ ಭಯ ಬೇರೆಯದು. ನಿನ್ನದು ಹಗುರ, ಒದೆತ ಜೋರು. ಒಂದು ಗುಂಡು ಹಾರಿದಾಗ ಸಿಲಿಂಡರ್‌ನಲ್ಲಿ ಉಳಿದ ತೋಟೆಗಳು ಹಿಂದಕ್ಕೆ ಜಗ್ಗಿಕೊಳ್ಳುತ್ತವೆ, ತುದಿಯ ಸೀಸ ಮಾತ್ರ ಇದ್ದಲ್ಲೇ ನಿಲ್ಲೋಕೆ ನೋಡುತ್ತೆ. ಕ್ರಿಂಪ್, ಅಂದರೆ ಗುಂಡನ್ನು ಹಿಡಿದಿಡೋ ತೋಟೆ ಬಾಯಿಯ ಮಡಿಕೆ, ಸಡಿಲ ಇದ್ದರೆ ಗುಂಡು ತೋಟೆಯಿಂದ ಇಷ್ಟಿಷ್ಟೇ ಮುಂದೆ ಜಾರುತ್ತೆ. ಜಾಸ್ತಿ ಜಾರಿದರೆ ಮೂತಿ ಸಿಲಿಂಡರ್‌ನಿಂದ ಹೊರಗೆ ಬಂದು ಸಿಲಿಂಡರ್ ತಿರುಗೋದೇ ನಿಂತುಹೋಗುತ್ತೆ. ರಾತ್ರಿ ಎರಡು ಗಂಟೆಗೆ ಹಾಗಾದರೆ ಕೈಯಲ್ಲಿರೋದು ಸುತ್ತಿಗೆ, ಅಷ್ಟೇ.

ಪರೀಕ್ಷೆ ಸುಲಭ. ಐದು ಹಾಕು, ಅದರಲ್ಲಿ ಒಂದಕ್ಕೆ ಮುಂಚೆಯೇ ಗುರುತು ಮಾಡಿ ಉದ್ದ ಕ್ಯಾಲಿಪರ್‌ನಲ್ಲಿ ಅಳೆದಿರು. ನಾಲ್ಕು ಹೊಡಿ. ಗುರುತಿನದನ್ನು ತೆಗೆದು ಮತ್ತೆ ಅಳೆ. ಎರಡು ಮೂರು ಸಲ ಮಾಡು. ಬೇರೆ ಏನು ಓದದಿದ್ದರೂ ಪರವಾಗಿಲ್ಲ, ಇದನ್ನು ಮಾಡದೆ ಆ ಡಬ್ಬಿಯನ್ನು ನಂಬಬೇಡ.

ಪ್ಲಸ್ ಪಿ ಬಗ್ಗೆ: ಮಾಮೂಲಿ .38ಕ್ಕೆ ಒತ್ತಡದ ಮಿತಿ 17,000 ಪಿಎಸ್‌ಐ, ಪ್ಲಸ್ ಪಿಗೆ 20,000. ಈಗಿನ 642 ತಡೆಯುತ್ತೆ. ಹಳೇ ಹಗುರ ಚೌಕಟ್ಟಿನವಕ್ಕೆ ಹಾಕಬೇಡಿ ಅಂತ ಓದುವವರಿಗೂ ಹೇಳುತ್ತೇನೆ. ಕೆಲವು ಅತಿ ಹಗುರದವಕ್ಕೆ ಕಂಪನಿಯವರೇ ಜಾಕೆಟ್ ಗುಂಡು ಮಾತ್ರ ಅಂತ ನಳಿಗೆ ಮೇಲೆ ಕೆತ್ತಿರುತ್ತಾರೆ. ಓದಿಕೊಳ್ಳಿ.

ಜರ್ಸಿ_ಗೌಡ:

ಮಾವ ಹೇಳಿದ ಮೇಲೆ ಗುಂಡಿನ ಬಗ್ಗೆ ನಂದೇನಿಲ್ಲ. ಇಲ್ಲಿ ಓದುವವರಲ್ಲಿ ಎಚ್‌-1ಬಿಯವರು ಜಾಸ್ತಿ ಅಂತ ಒಂದು ಮಾತು. ವೀಸಾದಲ್ಲಿ ಇರುವವರು ಬಂದೂಕು ಮಾತ್ರ ಅಲ್ಲ, ಒಂದು ತೋಟೆ ಇಟ್ಟುಕೊಂಡರೂ ಫೆಡರಲ್ ಅಪರಾಧ. ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಕೈ ಹಾಕಬೇಡಿ. ಗ್ರೀನ್ ಕಾರ್ಡ್ ಬಂದ ಮೇಲೆ ತಗೊಂಡಿದ್ದು ಒಳ್ಳೇದಾಯಿತು.

ಇನ್ನೊಂದು. ನಮ್ಮ ನ್ಯೂ ಜರ್ಸಿಯಲ್ಲಿ ಹಾಲೋ ಪಾಯಿಂಟ್ ಮನೆಯಲ್ಲಿ ಇಡಬಹುದು, ಅಂಗಡಿಯಿಂದ ಮನೆಗೆ ತರಬಹುದು, ರೇಂಜ್‌ಗೆ (ಗುಂಡು ಹೊಡೆದು ಅಭ್ಯಾಸ ಮಾಡೋ ಜಾಗಕ್ಕೆ) ಒಯ್ಯಬಹುದು. ಸೊಂಟಕ್ಕೆ ಸಿಕ್ಕಿಸಿಕೊಂಡು ಊರು ಸುತ್ತಿದರೆ ಕೇಸು. ಟೆಕ್ಸಾಸಿನವರು ಇಲ್ಲಿ ನೆಂಟರ ಮನೆಗೆ ಬರುವಾಗ ನೆನಪಿರಲಿ. ಅರಳೋ ಗುಂಡಿನ ಜಗಳಕ್ಕೆ ಹೆಸರು ಕೊಟ್ಟಿದ್ದೇ ನಮ್ಮ ಕೋಲ್ಕತ್ತಾ ಪಕ್ಕದ ದಮ್‌ದಮ್ ಕಾರ್ಖಾನೆ, ಅಲ್ವಾ? 1899ರಲ್ಲಿ ಹೇಗ್‌ನಲ್ಲಿ ಕೂತು ಯುದ್ಧದಲ್ಲಿ ಬೇಡ ಅಂದರು.

ಮಿನ್ನೆಸೋಟ_ಅಕ್ಕ:

ಮನೆಯಲ್ಲಿ ಇನ್ನೊಬ್ಬರೂ ಇದ್ದಾರಲ್ಲ, ಅವರು ಒಂದು ಸಲವಾದರೂ ಹೊಡೆದು ನೋಡಿದ್ದಾರಾ? ನನ್ನ ಯಜಮಾನರೂ ಹೀಗೇ ಜೋರಿನ ಗುಂಡು ತಂದಿಟ್ಟಿದ್ದರು. ಹಗುರ ರಿವಾಲ್ವರ್‌ನಲ್ಲಿ ಎರಡು ಹೊಡೆದೆ, ಹೆಬ್ಬೆರಳ ಬುಡ ಕೆಂಪಾಯಿತು, ಮೂರನೆಯದಕ್ಕೆ ಕಣ್ಣೇ ಮುಚ್ಚಿಕೊಂಡೆ. ಈಗ ನಾನು ಹಾಕೋದು 148 ಗ್ರೇನಿನ ವಾಡ್‌ಕಟರ್. ಗುರಿ ಸ್ಪರ್ಧೆಯವರು ಬಳಸೋದು. ಮೂತಿಯೇ ಇಲ್ಲ, ಪೂರ್ತಿ ಚಪ್ಪಟೆ, ಕಾಗದದಲ್ಲಿ ಪಂಚಿಂಗ್ ಮಷೀನ್ ಹೊಡೆದ ಹಾಗೆ ದುಂಡಗೆ ತೂತು. ಒದೆತ ಕಡಿಮೆ. ಅರಳೋದು ಬಿಡೋದು ಅನ್ನೋ ತಲೆನೋವೂ ಇಲ್ಲ. ಒಂದೇ ಕಷ್ಟ: ಚಪ್ಪಟೆ ಆದ್ದರಿಂದ ಗಡಿಬಿಡಿಯಲ್ಲಿ ಸಿಲಿಂಡರ್ ತೂತಿಗೆ ಸರಕ್ಕನೆ ಹೋಗಲ್ಲ.

ಅಗ್ಗ ಅಂತ 110 ಗ್ರೇನಿನ ಹಗುರದ್ದಕ್ಕೆ ಹೋಗುವ ಮುಂಚೆ ಕಾಗದದ ಮೇಲೆ ನೋಡಿ. ಇಂಥ ಕದಲದ ಗುರಿಕಣ್ಣಿನ .38ಗಳನ್ನು ಸಾಮಾನ್ಯವಾಗಿ 158ಕ್ಕೆ ಹೊಂದಿಸಿರುತ್ತಾರೆ. ಹಗುರದ ಗುಂಡು ಕೆಳಗೆ ಬೀಳುತ್ತೆ.

ಆಮೇಲೆ ಸೀಸ. ಮಗಳು ಚಿಕ್ಕವಳು ಅಂದಿರಿ. ರೇಂಜ್‌ನಿಂದ ಬಂದವರು ಮೊದಲು ತಣ್ಣೀರು ಸೋಪಿನಲ್ಲಿ ಕೈ ಮುಖ ತೊಳೆಯಬೇಕು, ಆ ಅಂಗಿ ಬೇರೆ ಒಗೆಯಬೇಕು, ಅಲ್ಲಿವರೆಗೆ ಮಗುವನ್ನು ಎತ್ತಿಕೊಳ್ಳೋ ಹಾಗಿಲ್ಲ. ನಳಿಗೆಗೆ ಅಂಟಿದ ಸೀಸ ತೆಗೆಯೋಕೆ ಪಾತ್ರೆ ತಿಕ್ಕುವ ತಾಮ್ರದ ಜುಂಗು ನಾಲ್ಕು ಎಳೆ ಕತ್ತರಿಸಿ, ಹಳೇ ಬ್ರಷ್‌ಗೆ ಸುತ್ತಿ ಎಳೆಯಿರಿ. ಬೆಳ್ಳಿ ಚೂರುಗಳ ಥರ ಉದುರುತ್ತೆ. ಜುಂಗಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ತಾಮ್ರದ ಬಣ್ಣ ಬಳಿದ ಕಬ್ಬಿಣ. ಅದನ್ನು ಹಾಕಬೇಡಿ.

ತುಂಗಾತೀರ_ಟೆಕ್ಸಾಸ್:

ಶನಿವಾರ ಹೋಗಿಬಂದೆ. ಮಾವ, ನೀವು ಹೇಳಿದ ಹಾಗೆ ಕೆಂಪು ಮಾರ್ಕರ್‌ನಲ್ಲಿ ಒಂದಕ್ಕೆ ಚುಕ್ಕಿ ಇಟ್ಟೆ. ಮೊದಲು 37.1 ಮಿಲಿಮೀಟರ್. ನಾಲ್ಕು ಹೊಡೆದ ಮೇಲೆ 37.9. ಅಳತೆ ತಪ್ಪಿರಬೇಕು ಅಂತ ಅದನ್ನೇ ಮತ್ತೆ ಹಾಕಿ ಇನ್ನು ನಾಲ್ಕು ಹೊಡೆದೆ. 38.8! ಕ್ರಿಂಪ್ ಇದ್ದ ಜಾಗದ ಕೆಳಗೆ ಸೀಸದ ಹೊಳೆಯೋ ಗೀರು ಬರಿಗಣ್ಣಿಗೇ ಕಾಣುತ್ತಿತ್ತು. ಸಿಲಿಂಡರ್ ತಿರುಗಿತು, ಆದರೆ ನನಗೆ ಅಷ್ಟೇ ಸಾಕಾಯಿತು.

ಅಕ್ಕ, ಹೆಂಡತಿ ಈ ಗುಂಡನ್ನು ಒಂದೇ ಹೊಡೆದು ರಿವಾಲ್ವರ್ ಮೇಜಿನ ಮೇಲಿಟ್ಟಳು. ಪಕ್ಕದ ಸಾಲಿನ ಅಜ್ಜ ಒಬ್ಬರು ಹತ್ತು ವಾಡ್‌ಕಟರ್ ಕೊಟ್ಟರು. ಏಳು ಗಜದಲ್ಲಿ ಹತ್ತೂ ಊಟದ ತಟ್ಟೆಯೊಳಗೆ. "ಇದಾದರೆ ಬರ್ತೀನಿ" ಅಂದಳು. ಎರಡು ಡಬ್ಬಿ ಹೇಳಿದ್ದೇನೆ. ತುಂಬೋದಕ್ಕೆ ಕಷ್ಟ ಅಂದದ್ದೂ ನಿಜ, ಆದರೆ ನಾವು ತುಂಬಿಯೇ ಪೆಟ್ಟಿಗೆಯಲ್ಲಿ ಇಡುವವರು.

ಉಳಿದ ಎಫ್‌ಬಿಐ ಗುಂಡು ಡ್ಯಾಲಸ್‌ನ ಭಾವನಿಗೆ. ಅವನದು ನಾಲ್ಕಿಂಚಿನ ಉಕ್ಕಿನದು. ಬದಲಿಗೆ ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಡ್ತಾನಂತೆ.