ಹಾಲಿನ ಕಲೆ ಹೋಯಿತು, ಸೋಫಾ ಮೇಲೆ ನೀರಿನ ಗೆರೆ ಉಳಿದುಬಿಟ್ಟಿತು. ಏನು ಮಾಡಲಿ?

ಪ್ರಶ್ನೆ:
ಮೊನ್ನೆ ಮಗ ಸೋಫಾ ಮೇಲೆ ಒಂದು ಲೋಟ ಹಾಲು ಚೆಲ್ಲಿಬಿಟ್ಟ. ತಿಳಿ ಬೂದು ಬಣ್ಣದ ಬಟ್ಟೆ. ಗಾಬರಿಯಲ್ಲಿ ಬಿಸಿನೀರಿಗೆ ಬಟ್ಟೆ ಒಗೆಯುವ ಪುಡಿ ಕಲಸಿ, ಬ್ರಷ್ ಹಿಡಿದು ಚೆನ್ನಾಗಿ ತಿಕ್ಕಿದೆ. ಹಾಲಿನ ಕಲೆ ಹೋಯಿತು ಅಂತ ಖುಷಿಪಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಆ ಜಾಗದ ಸುತ್ತ ತಟ್ಟೆ ಅಗಲದ ಕಂದು ಗೆರೆ! ಹತ್ತಿರ ಹೋದರೆ ಹುಳಿ ವಾಸನೆ ಬೇರೆ. ಸೀಟಿನ ಕವರ್‌ಗೆ ಹಿಂದೆ ಜಿಪ್ ಇದೆ. ಬಿಚ್ಚಿ ವಾಷಿಂಗ್ ಮೆಷಿನ್‌ಗೆ ಹಾಕಿಬಿಡಲಾ?

ಉತ್ತರ 1:
ಅಯ್ಯೋ, ಬೇಡ! ಜಿಪ್ ಇರುವುದು ಫೋಮ್ ತುಂಬುವುದಕ್ಕೆ, ಒಗೆಯುವುದಕ್ಕೇ ಅಂತಲ್ಲ. ನಾನೂ ಹೀಗೇ ಅಂದುಕೊಂಡು ಒಗೆದೆ. ಒಣಗಿದ ಮೇಲೆ ಫೋಮ್ ಮೇಲೆ ಮಂಡಿಯೂರಿ ಕೂತು ಎಳೆದರೂ ಜಿಪ್ ಕೊನೇ ನಾಲ್ಕು ಬೆರಳು ಮುಚ್ಚಲೇ ಇಲ್ಲ. ಅಷ್ಟು ಕುಗ್ಗಿತ್ತು.

ಮೊದಲು ಸೀಟಿನ ಕೆಳಗೆ ಚೀಟಿ ಹೊಲಿದಿದೆಯಾ ನೋಡಿ. ಅದರಲ್ಲಿ 'ಡಬ್ಲ್ಯೂ' ಇದ್ದರೆ ನೀರಿನ ಕ್ಲೀನರ್ ಹಾಕಬಹುದು. 'ಎಸ್' ಇದ್ದರೆ ನೀರು ಸೋಕಿಸಬಾರದು, ಡ್ರೈಕ್ಲೀನಿಂಗ್ ದ್ರವ ಮಾತ್ರ. 'ಡಬ್ಲ್ಯೂಎಸ್' ಅಂದರೆ ಎರಡೂ ನಡೆಯುತ್ತದೆ. 'ಎಕ್ಸ್' ಇದ್ದರೆ ವ್ಯಾಕ್ಯೂಮ್ ಬಿಟ್ಟು ಬೇರೇನೂ ಬೇಡ. ಚೀಟಿ ಇಲ್ಲದಿದ್ದರೆ ಹಿಂಬದಿಯಲ್ಲಿ ಕಾಣದ ಮೂಲೆಗೆ ಸ್ವಲ್ಪ ಹಚ್ಚಿ, ಪೂರ್ತಿ ಒಣಗಿದ ಮೇಲೆ ನಿರ್ಧಾರ ಮಾಡಿ.

ಉತ್ತರ 2:
ಆ ಗೆರೆ ಹಾಲಿನದ್ದಲ್ಲ. ಸೋಫಾದಲ್ಲಿ ಮೊದಲೇ ಇದ್ದ ಧೂಳು, ಜೊತೆಗೆ ನೀವು ಹಾಕಿದ ಸೋಪು, ಎರಡೂ ನೀರಿನ ಜೊತೆ ಅಂಚಿಗೆ ಸರಿದು ಅಲ್ಲೇ ಒಣಗಿವೆ. ಆದ್ದರಿಂದ ಗೆರೆಯನ್ನಷ್ಟೇ ಒರೆಸಿದರೆ ಇನ್ನೊಂದು ದೊಡ್ಡ ಗೆರೆ ಬರುತ್ತದೆ, ಅಷ್ಟೇ! ನೀರು ಹಾಕಬಹುದಾದ ಬಟ್ಟೆಯಾದರೆ, ಬಿಳಿ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆವರೆಗೆ ಇಡೀ ಸೀಟನ್ನು ಒಂದೇ ಸಮ ಒದ್ದೆ ಮಾಡಿ. ತೊಟ್ಟಿಕ್ಕುವಷ್ಟು ಬೇಡ, ಕೈಗೆ ತಂಪು ತಗುಲಿದರೆ ಸಾಕು. ಆಮೇಲೆ ಒಣ ಟವೆಲ್ ಒತ್ತಿ ಒತ್ತಿ ತೆಗೆದು, ತಕ್ಷಣ ಫ್ಯಾನ್ ಹಾಕಿ. ನಿಧಾನಕ್ಕೆ ಒಣಗಿದಷ್ಟೂ ಗೆರೆ ಜಾಸ್ತಿ.

ಉತ್ತರ 3:
ವಾಸನೆ ಬರುತ್ತಿದೆ ಅಂದರೆ ಹಾಲು ಫೋಮ್‌ಗೆ ಇಳಿದಿದೆ. ಮೇಲೆ ಅಡುಗೆ ಸೋಡಾ ಉದುರಿಸಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಒಳಗಿನ ಹಾಲನ್ನು ತೆಗೆಯಲ್ಲ. ಎನ್ಜೈಮ್ (ಹಾಲಿನಂಥ ಕಲೆಯನ್ನು ಒಡೆದು ಸಡಿಲ ಮಾಡುವ ಪದಾರ್ಥ) ಇರುವ ಕ್ಲೀನರ್ ಹಾಕಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಬಿಡಿ. ಇದಕ್ಕೂ ಚೀಟಿ ನೋಡಲೇಬೇಕು. ಸೀಟನ್ನು ನಿಲ್ಲಿಸಿ ಒಣಗಿಸಿ, ಎರಡೂ ಕಡೆ ಗಾಳಿ ಆಡಲಿ. ಇನ್ನೊಂದು, ಹಾಲು, ಮೊಟ್ಟೆ, ರಕ್ತ ಇಂಥದ್ದಕ್ಕೆ ಬಿಸಿನೀರು ಬೇಡವೇ ಬೇಡ. ಕಲೆ ಎಳೆಗೆ ಕಚ್ಚಿಕೊಳ್ಳುತ್ತದೆ. ತಣ್ಣೀರೇ ಸರಿ.

ಪ್ರಶ್ನೆ ಕೇಳಿದವರು:
ಚೀಟಿ ಸಿಕ್ಕಿತು, 'ಡಬ್ಲ್ಯೂಎಸ್'. ಮೊದಲು ಎನ್ಜೈಮ್ ಹಾಕಿದೆ, ಆಮೇಲೆ ಇಡೀ ಸೀಟು ಒದ್ದೆ ಮಾಡಿ ಒಣಗಿಸಿದೆ. ಗೆರೆ ಹೋಯಿತು, ವಾಸನೆಯೂ ಇಲ್ಲ. ಆದರೆ ಬ್ರಷ್ ಹಾಕಿ ತಿಕ್ಕಿದ ಕಡೆ ಎಳೆ ಎದ್ದು ಜುಂಗು ಜುಂಗಾಗಿದೆ. ಇದಕ್ಕೇನಾದರೂ ಇದೆಯಾ?

ಉತ್ತರ 2:
ಸ್ವೆಟರ್ ಮೇಲಿನ ಉಂಡೆ ತೆಗೆಯುವ ಶೇವರ್ ಇದ್ದರೆ ಒತ್ತದೆ, ಮೇಲೆ ಮೇಲೆ ಆಡಿಸಿ. ಕೈಯಲ್ಲಿ ಮಾತ್ರ ಕೀಳಬೇಡಿ, ಎಳೆ ಬಿಚ್ಚಿಕೊಂಡು ಬರುತ್ತದೆ. ಪೂರ್ತಿ ಮೊದಲಿನ ಹಾಗೆ ಆಗಲ್ಲ. ನಮ್ಮ ಮನೆಯಲ್ಲಿ ಅಂಥ ಸೀಟನ್ನು ತಿರುಗಿಸಿ ಹಾಕಿದ್ದೇವೆ, ಸುಮ್ನೆ.