ಔಷಧಿ ಹೊಡೆಯುವ ಮುನ್ನ ಫೋನ್ ಮಾಡಿ ಮಳೆ ಕೇಳುವುದು ಹೇಗೆ?

ಪ್ರಶ್ನೆ: ತೋಟದಾಕೆ, ಹೊಸನಗರ ತಾಲ್ಲೂಕು

ನಮ್ಮದು ಘಟ್ಟದ ಅಂಚಿನ ಅಡಿಕೆ ತೋಟ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುತ್ತದೆ. ಆಮೇಲೆ ಉಳಿಯುವುದು ಮಾವನವರ ಕಾಲದ ಸ್ಥಿರ ದೂರವಾಣಿ ಮತ್ತು ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಹಿಡಿಯುವ ಒಂದು ಕೀಪ್ಯಾಡ್ ಮೊಬೈಲ್. ಮೈಲುತುತ್ತ ಒಯ್ಯಲು ಪೇಟೆಗೆ ಬಂದಿದ್ದೇನೆ, ಹಾಗಾಗಿ ಇದನ್ನು ಬರೆಯಲು ಸಾಧ್ಯವಾಯಿತು. ಆ್ಯಪ್ ಹಾಕಿಕೊಳ್ಳಿ ಎಂದು ದಯವಿಟ್ಟು ಯಾರೂ ಹೇಳಬೇಡಿ.

ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಹೊಡೆಯುವ ಹೊತ್ತು ಬಂದಿದೆ. ಪುಷ್ಯ ಮಳೆ ಹೊಳವು, ಅಂದರೆ ಮಳೆ ನಿಂತ ಬಿಡುವು, ಕೊಡುವುದೇ ಅಪರೂಪ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಊರಿನ ತೋಟಗಳೆಲ್ಲ ಕಾಯುತ್ತಿವೆ; ನಾಳೆ ಬನ್ನಿ ಎಂದು ಕರೆದು, ಅವರು ಬಂದಾಗ ಮಳೆ ಹಿಡಿದರೆ ಕೂಲಿಯೂ ಹೋಯಿತು, ಮುಂದಿನ ಸರದಿಯೂ ಹೋಯಿತು. ಕಲಸಿದ ದ್ರಾವಣವನ್ನು ಮರುದಿನಕ್ಕೆ ಇಡುವ ಹಾಗೂ ಇಲ್ಲ.

ಯಾರೋ ಕೊಟ್ಟ ಒಂದು ಸಂಖ್ಯೆಗೆ ಮನೆಯ ಫೋನಿನಿಂದ ಕರೆ ಮಾಡಿದೆ. ಯಂತ್ರ ಸ್ವಾಗತ ಹೇಳಿತು, ಭಾಷೆಗೆ ಗುಂಡಿ ಒತ್ತಲು ಹೇಳಿತು. ಒತ್ತಿದೆ. ಮತ್ತೆ ಸ್ವಾಗತ ಹೇಳಿತು. ಪಕ್ಕದಲ್ಲಿದ್ದ ಮಾವ 'ಜೋರಾಗಿ ಒತ್ತು' ಎಂದರು, ಅದೂ ಆಯಿತು. ಗುಡ್ಡ ಹತ್ತಿ ಮೊಬೈಲಿನಿಂದ ಮಾಡಿದಾಗ ಮುಂದೆ ಹೋಯಿತು. ಆದರೆ ಕೊನೆಗೆ ಕೇಳಿಸಿದ್ದು ಘಟ್ಟ ದಾಟಿ ಎಷ್ಟೋ ದೂರದ ಒಂದು ನಗರದ ಗರಿಷ್ಠ, ಕನಿಷ್ಠ ತಾಪಮಾನ. ಅದನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ನಮ್ಮ ಹೋಬಳಿಯ ಮಳೆ ಹೇಳುವ ಸಂಖ್ಯೆ ಇದೆಯೇ? ಮನೆಯ ಫೋನಿನ ಗುಂಡಿ ಏಕೆ ಕೆಲಸ ಮಾಡುವುದಿಲ್ಲ?

ಉತ್ತರ: ಪೇಟೆಯವ

ಮೇಘದೂತ ಆ್ಯಪ್ ಚೆನ್ನಾಗಿದೆ, ಕನ್ನಡದಲ್ಲೂ ಇದೆ.

ತೋಟದಾಕೆ

ಸ್ವಾಮಿ, ಮೊದಲನೆಯ ಪ್ಯಾರಾ.

ಉತ್ತರ: ಮಳೆಮಾಪಕ, ನಿವೃತ್ತ

ತಂಗಿ, ಮೊದಲು ನಿಮ್ಮ ಗುಂಡಿಯ ವಿಚಾರ. ಫೋನಿನ ಕೆಳಭಾಗದಲ್ಲಿ ಅಥವಾ ಪಕ್ಕದಲ್ಲಿ ಪಲ್ಸ್, ಟೋನ್ ಎಂದು ಬರೆದ ಸಣ್ಣ ಸ್ವಿಚ್ ಇರುತ್ತದೆ. ನಿಮ್ಮದು ಪಲ್ಸ್ ಕಡೆಗೆ ಇರಬೇಕು. ಹಾಗಿದ್ದರೆ ಗುಂಡಿ ಒತ್ತಿದಾಗ ತಂತಿಯಲ್ಲಿ ಕಟಕಟ ಎಂಬ ಮಿಡಿತ ಮಾತ್ರ ಹೋಗುತ್ತದೆ. ಅದನ್ನು ನಿಮ್ಮ ಎಕ್ಸ್‌ಚೇಂಜ್ ಎಣಿಸಿಕೊಂಡು ಕರೆ ಜೋಡಿಸುತ್ತದೆ, ಆದರೆ ಆಚೆ ತುದಿಯ ಯಂತ್ರಕ್ಕೆ ಅದು ಅರ್ಥವಾಗುವುದಿಲ್ಲ. ಆ ಯಂತ್ರ ಕಾಯುವುದು ಸ್ವರಕ್ಕೆ. ಒಂದೊಂದು ಗುಂಡಿಗೂ ಎರಡೆರಡು ಸ್ವರ ಒಟ್ಟಿಗೆ ಹೊರಡಬೇಕು. ಒಂದನೆಯ ಗುಂಡಿಗೆ 697 ಮತ್ತು 1209 ಹರ್ಟ್ಸ್. ಸ್ವಿಚ್ಚನ್ನು ಟೋನ್ ಕಡೆಗೆ ತಳ್ಳಿ. ಸ್ವಿಚ್ ಸಿಗದಿದ್ದರೆ ಕರೆ ಸೇರಿದ ಮೇಲೆ ನಕ್ಷತ್ರದ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ, ಹಲವು ಫೋನುಗಳು ಅದರಿಂದಲೇ ಟೋನಿಗೆ ತಿರುಗುತ್ತವೆ. ಮಾವನವರು ಹೇಳಿದ ಹಾಗೆ ಜೋರಾಗಿ ಒತ್ತಿದರೆ ಗುಂಡಿ ಸವೆಯುತ್ತದೆ, ಅಷ್ಟೇ.

ಈಗ ನಗರದ ತಾಪಮಾನದ ವಿಚಾರ. ಭಾರತೀಯ ಹವಾಮಾನ ಇಲಾಖೆ ಫೋನಿನಲ್ಲಿ ಯಂತ್ರದಿಂದ ಹವಾಮಾನ ಹೇಳಿಸಲು ಶುರು ಮಾಡಿದ್ದು 2000ರ ಜುಲೈಯಲ್ಲಿ, 26 ಕೇಂದ್ರಗಳಲ್ಲಿ. 1800 180 1717 ಎಂಬ ಶುಲ್ಕರಹಿತ ಸಂಖ್ಯೆ ಆ ಸೇವೆಯದು. ನಗರ ಆರಿಸಿಕೊಂಡು ಕೇಳುವ ಏರ್ಪಾಡು ಅದು; ಊರಿಗೆ ಹೋಗುವವರಿಗೆ ಸಾಕು, ಕೊನೆಗೌಡರನ್ನು ಕರೆಯಬೇಕಾದ ನಿಮಗೆ ಸಾಲದು.

ನೀವು ಕೇಳಬೇಕಾದ ಸಂಖ್ಯೆ ಬೇರೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ', 92433 45433. ಹಗಲು ರಾತ್ರಿ ಎನ್ನದೆ ನಡೆಯುವ ಸಹಾಯವಾಣಿ. ಇಲ್ಲಿ ಮಾತನಾಡುವುದು ಮನುಷ್ಯರು, ಯಾಂತ್ರಿಕವಾಗಿರುವುದು ಅವರ ಹಿಂದಿನ ವ್ಯವಸ್ಥೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿದ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುತ್ತವೆ. ನಾನು ಸೇವೆಯಲ್ಲಿದ್ದಾಗ ಬೆಳಿಗ್ಗೆ 8:30ಕ್ಕೆ ಗಾಜಿನ ಅಳತೆಯಲ್ಲಿ ನೀರು ಸುರಿದು ನೋಡುತ್ತಿದ್ದೆವು, ಅದು ಜಿಲ್ಲಾ ಕೇಂದ್ರ ಮುಟ್ಟುವಷ್ಟರಲ್ಲಿ ಹೊಸ ಮಳೆ ಬಂದಿರುತ್ತಿತ್ತು.

ಕರೆ ಮಾಡಿದಾಗ 'ನಾಳೆ ಮಳೆ ಬರುತ್ತದೆಯೇ' ಎಂದು ಕೇಳಬೇಡಿ. ನಿಮ್ಮ ಭಾಗದಲ್ಲಿ ಆಷಾಢ, ಶ್ರಾವಣದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ. ಜಿಲ್ಲೆ, ತಾಲ್ಲೂಕು, ಹೋಬಳಿ, ಪಂಚಾಯಿತಿ ಹೇಳಿ, ಮುನ್ಸೂಚನೆಯಲ್ಲಿ ಎಷ್ಟು ಮಿಲಿಮೀಟರ್ ಇದೆ ಎಂದು ಕೇಳಿ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 15.5 ಮಿ.ಮೀ. ತನಕ ಹಗುರ ಮಳೆ, 64.5 ದಾಟಿದರೆ ಭಾರಿ, 115.6ರಿಂದ ಅತಿ ಭಾರಿ. ಹಗುರ ಎಂದರೆ ನಡುವೆ ಹೊಳವು ಸಿಗಬಹುದು. ಸಾಧಾರಣ ಎಂದು ಕೇಳಿ ಸಮಾಧಾನ ಪಡಬೇಡಿ, ಅದು 64.4ರ ತನಕ ಹೋಗುತ್ತದೆ. ಅಷ್ಟು ಮಳೆಯಲ್ಲಿ ನಿಮ್ಮ ಬೋರ್ಡೋ ಮರದ ಬುಡಕ್ಕೆ ಸೇರುತ್ತದೆ.

ಉತ್ತರ: ಶಿರಸಿ ಕಡೆಯವನು

ಹಿರಿಯರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಿಸಾನ್ ಕಾಲ್ ಸೆಂಟರ್ 1800 180 1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರ ಒಳಗೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ರೋಗ, ಗೊಬ್ಬರ ಕೇಳಲು ಅದು ಒಳ್ಳೆಯದು. ಹವಾಮಾನ ಆಧರಿಸಿದ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಹೊಸದಾಗಿ ಹೊರಡುತ್ತದೆ, ಐದು ದಿನದ ಮುನ್ಸೂಚನೆಯೊಂದಿಗೆ. ಆದ್ದರಿಂದ ಸೋಮವಾರ ಕೇಳುವವರು ಆ ಸಲಹೆಯ ಬಾಲವನ್ನು ಕೇಳುತ್ತಿರುತ್ತಾರೆ ಎಂಬುದು ನೆನಪಿರಲಿ. ನೆರೆ, ಗುಡ್ಡ ಕುಸಿತ ಎಂದರೆ ಇವು ಯಾವುವೂ ಅಲ್ಲ, ಜಿಲ್ಲೆಯ ನಿಯಂತ್ರಣ ಕೊಠಡಿ 1077.

ಉತ್ತರ: ದೂರದೇಶಿ

ನಾನು ಹುಟ್ಟಿದ್ದು ಸಾಗರದಲ್ಲಿ, ಈಗ ಇರುವುದು ಅಮೆರಿಕದಲ್ಲಿ. ಇಲ್ಲಿ ಸಣ್ಣ ಸಣ್ಣ ವಿಮಾನ ನಿಲ್ದಾಣಗಳಲ್ಲೂ ಒಂದು ಯಂತ್ರ ಗಾಳಿ, ಮೋಡದ ಎತ್ತರ, ತಾಪಮಾನ, ಎಷ್ಟು ದೂರ ಕಾಣುತ್ತದೆ ಎಂಬುದನ್ನು ಅಳೆದು ತಾನೇ ಓದಿ ಹೇಳುತ್ತದೆ. ವಿಮಾನ ಹಾರಿಸುವವರಿಗೆಂದು ಇಟ್ಟದ್ದು, ಆದರೆ ಸಾಮಾನ್ಯ ಫೋನಿನಿಂದ ಯಾರು ಬೇಕಾದರೂ ಕರೆ ಮಾಡಿ ಕೇಳಬಹುದು. ಗುಂಡಿ ಒತ್ತುವ ಕೆಲಸವೂ ಇಲ್ಲ. ಒಂದೇ ಕೊರತೆ, ನಾಳೆಯ ವಿಷಯ ಅದು ಬಾಯಿ ಬಿಡುವುದಿಲ್ಲ. ಈ ಹೊತ್ತಿನದು ಮಾತ್ರ.

ತೋಟದಾಕೆ

ದೂರದೇಶಿಯವರೇ, ಈ ಹೊತ್ತಿನದೇ ನನಗೆ ಹೆಚ್ಚು ಬೇಕು! ನಮಗೆ ಮಳೆ ಬರುವುದು ಪಡುವಣದಿಂದ. ಹುಲಿಕಲ್, ಮಾಸ್ತಿಕಟ್ಟೆ ಕಡೆ ಈಗ ಏನಾಗುತ್ತಿದೆ ಎಂದು ತಿಳಿದರೆ ಸುಣ್ಣ ಕಲಸಬೇಕೋ ಬೇಡವೋ ಎಂದು ಹೇಳಬಲ್ಲೆ. ಮಳೆಮಾಪಕ ರಾಯರೇ, ವರುಣ ಮಿತ್ರದವರಲ್ಲಿ ನಮ್ಮ ಪಂಚಾಯಿತಿ ಬಿಟ್ಟು ಪಡುವಣದ ಪಂಚಾಯಿತಿಯ ಮಳೆ ಕೇಳಬಹುದೇ? ತಪ್ಪು ತಿಳಿಯುವುದಿಲ್ಲವಷ್ಟೇ?

ಮಳೆಮಾಪಕ

ಧಾರಾಳವಾಗಿ ಕೇಳಿ, ಯಾವ ಪಂಚಾಯಿತಿಯ ಮಳೆಯೂ ಗುಟ್ಟಲ್ಲ. ಕೇಳುವಾಗ ಎರಡು ಅಂಕಿ ಬೇರೆ ಬೇರೆ ಕೇಳಿ: ಬೆಳಿಗ್ಗೆ 8:30ರಿಂದ ಈವರೆಗೆ ಎಷ್ಟು, ಕೊನೆಯ ಒಂದು ಗಂಟೆಯಲ್ಲಿ ಎಷ್ಟು. ಮೊದಲನೆಯದು ದೊಡ್ಡದಾಗಿದ್ದು ಎರಡನೆಯದು ಸೊನ್ನೆ ಇದ್ದರೆ ಅಲ್ಲಿ ಹೊಳವಾಗಿದೆ. ಆದರೂ ಘಟ್ಟದ ಮಳೆ. ಪಡುವಣ ಹೊಳವಾದ ಮಾತ್ರಕ್ಕೆ ನಿಮ್ಮಲ್ಲಿ ಆಗಲೇಬೇಕೆಂದಿಲ್ಲ. ಮುಗಿಲು ನೋಡಿಯೇ ಕಲಸಿ.

ತೋಟದಾಕೆ

ಮನೆಗೆ ಫೋನ್ ಮಾಡಿ ಮಾವನವರಿಂದ ಸ್ವಿಚ್ ಹುಡುಕಿಸಿದೆ. ಕೆಳಗಡೆ ಇದೆಯಂತೆ, ಪಲ್ಸ್ ಕಡೆಗೇ ಇತ್ತಂತೆ. ತಳ್ಳಿದ್ದಾರೆ. ಮೈಲುತುತ್ತ ಸಿಕ್ಕಿತು, ಬಸ್ಸಿಗೆ ಹೊತ್ತಾಯಿತು. ಕೊನೆಗೌಡರನ್ನು ದಾರಿಯಲ್ಲೇ ಕಂಡು, ರಾತ್ರಿ ಫೋನ್ ಮಾಡಿ ಕೇಳಿದ ಮೇಲೆ ಹೇಳಿ ಕಳುಹಿಸುತ್ತೇನೆ ಎಂದು ತಿಳಿಸುತ್ತೇನೆ.